ಹಳ್ಳ ನೆಟ್ಟಗಿದೆಯೇ? ಬೆಣ್ಣೆತೊರಾ ಸೀಮೆಯಿಂದ ಒಂದು ಸಮೀಕ್ಷೆ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಅಂಗೈಗೆ ಸುರಿದುಕೊಂಡು, ಹಸಿ ಎಷ್ಟಿದೆ, ಹುಳ ಎಷ್ಟಿದೆ, ಕಲ್ಲು ಎಷ್ಟಿದೆ ಎಂದು ನೋಡಿ ದರ ಹೇಳುತ್ತಾರೆ. ಚೀಲದೊಳಗಿನ ಕಾಳು ಎಲ್ಲಿಗೂ ಹರಿದು ಹೋಗುವುದಿಲ್ಲ. ಹಾಗಾಗಿ ಆ ಒಂದು ಹಿಡಿಯನ್ನು ನಂಬಬಹುದು. ಹಳ್ಳದ ನೀರಿನ ವಿಷಯದಲ್ಲೂ ನಾವು ನೂರು ವರ್ಷದಿಂದ ಹೆಚ್ಚುಕಡಿಮೆ ಇದನ್ನೇ ಮಾಡುತ್ತ ಬಂದಿದ್ದೇವೆ. ಒಂದು ಬಾಟಲಿ ತುಂಬಿ, ಪ್ರಯೋಗಾಲಯಕ್ಕೆ ಒಯ್ದು, ಅಂಕಿ ಬರೆದು, ದರ್ಜೆ ಕೊಡುತ್ತೇವೆ. ಅಷ್ಟರಲ್ಲಿ ಆ ಬಾಟಲಿಯ ಒಡನಾಡಿ ನೀರು ಮುಂದಿನ ಊರು ದಾಟಿರುತ್ತದೆ.

ಗಂಜ್ ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ಕಪನೂರಿನ ಕಾರ್ಖಾನೆಗಳು, ಆಮೇಲೆ ಕುರಿಕೋಟಾ ಸೇತುವೆ, ಅದರ ಕೆಳಗೆ ಬೆಣ್ಣೆತೊರಾ ನದಿ, ಇನ್ನೂ ಮುಂದೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಈ ಸೀಮೆಯ ಹಳ್ಳಗಳ ನೀರು ಬೆಣ್ಣೆತೊರಾ, ಕಾಗಿಣಾ, ಭೀಮಾ ಎಂದು ಹೆಸರು ಬದಲಿಸುತ್ತ ಕೊನೆಗೆ ಕೃಷ್ಣೆಯ ಪಾಲಾಗುತ್ತದೆ. ಕಲಬುರಗಿ ನಗರ ಕುಡಿಯುವುದೂ ಭೀಮಾ ಮತ್ತು ಬೆಣ್ಣೆತೊರಾದ ನೀರನ್ನೇ. ಆದ್ದರಿಂದ ‘ಈ ಹಳ್ಳ ನೆಟ್ಟಗಿದೆಯೇ’ ಎಂಬ ಪ್ರಶ್ನೆ ಪರಿಸರ ದಿನದ ಭಾಷಣಕ್ಕೆ ಮಾತ್ರ ಸೇರಿದ್ದಲ್ಲ. ಅದಕ್ಕೆ ಉತ್ತರ ಹೇಳುವವರಲ್ಲಿ ಹಲವು ಪಂಗಡಗಳಿವೆ. ಒಬ್ಬರ ಅಳತೆಗೋಲು ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.

ಬಾಟಲಿ ಹಿಡಿದವರು

ಮೊದಲ ಪಂಗಡ ರಸಾಯನಶಾಸ್ತ್ರದ್ದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಲಂಡನ್ನಿನ ಸಂಸತ್ತನ್ನೇ ಕಂಗೆಡಿಸಿದ ಮೇಲೆ ಕೊಳೆಯನ್ನು ಅಂಕಿಯಲ್ಲಿ ಹಿಡಿಯುವ ಹಟ ಶುರುವಾಯಿತು. 1888ರಲ್ಲಿ ಹಂಗೇರಿಯ ಲಾಯೋಷ್ ವಿಂಕ್ಲರ್ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ದಾರಿ ಕಂಡುಹಿಡಿದ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಈಗಲೂ ಅದೇ ನಡೆಯುತ್ತಿದೆ. ಗುಳ್ಳೆ ಸೇರದಂತೆ ಬಾಟಲಿ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಅಯೋಡೈಡ್ ಬೆರೆತ ಕ್ಷಾರ ಹಾಕಿ, ಮುಚ್ಚಿ ಅಲ್ಲಾಡಿಸಿದರೆ ತಳಕ್ಕೆ ಗಷ್ಟು ಇಳಿಯುತ್ತದೆ. ಗಷ್ಟು ಕಂದು ಬಣ್ಣದ್ದಾದರೆ ಆಮ್ಲಜನಕ ಇದೆ, ಬೆಳ್ಳಗಿದ್ದರೆ ಇಲ್ಲ. ಮಿಕ್ಕ ಲೆಕ್ಕವೆಲ್ಲ ಆಮೇಲಿನದು. ಚರಂಡಿ ಸೇರುವ ನಾಲಾದಲ್ಲಿ ಹಿಡಿದ ಬಾಟಲಿಗೆ ಆ ಬಿಳಿ ಗಷ್ಟು ಇಳಿಯುವುದನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೂ ಅದನ್ನು ಮರೆಯುವುದಿಲ್ಲ.

1898ರಲ್ಲಿ ಬ್ರಿಟನ್ನಿನಲ್ಲಿ ಕೊಳಚೆ ವಿಲೇವಾರಿಗೆಂದು ರಾಯಲ್ ಕಮಿಷನ್ ನೇಮಕವಾಯಿತು. ಅದರ 1912ರ ಎಂಟನೇ ವರದಿ ಬಿಒಡಿ ಎಂಬ ಅಳತೆಗೆ ಗಟ್ಟಿ ಸ್ಥಾನ ಕೊಟ್ಟಿತು. ನೀರಿನಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾ ಅರಗಿಸುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದೇ ಬಿಒಡಿ. ಬಾಟಲಿಯನ್ನು ಐದು ದಿನ ಇಟ್ಟು ನೋಡುವುದು ಅಲ್ಲಿನ ಪದ್ಧತಿ. ಬ್ರಿಟನ್ನಿನ ಯಾವ ನದಿಯ ನೀರೂ ಸಮುದ್ರ ಮುಟ್ಟಲು ಐದು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳದು ಎಂಬ ಲೆಕ್ಕ ಇದರ ಹಿಂದಿತ್ತೆಂದು ಹೇಳುತ್ತಾರೆ. ಕಮಲಾಪುರದ ಹಳ್ಳದ ನೀರು ಐದು ದಿನದಲ್ಲಿ ಬಂಗಾಳ ಕೊಲ್ಲಿ ಸೇರುವ ಮಾತೇ ಇಲ್ಲ. ನಮ್ಮವರು ಬಿಸಿಲಿಗೆ ತಕ್ಕಂತೆ 27 ಡಿಗ್ರಿಯಲ್ಲಿ ಮೂರು ದಿನ ಎಂದು ತಿದ್ದಿಕೊಂಡರು. ತಿದ್ದುಪಡಿ ಸರಿಯಾದದ್ದೇ. ಆದರೆ ತಿದ್ದಿದ್ದು ದಿನವನ್ನು ಮಾತ್ರ, ಹಿಂದಿನ ಆಲೋಚನೆಯನ್ನಲ್ಲ.

1974ರ ಜಲ ಕಾಯ್ದೆಯೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳು ಬಂದವು. ಕೇಂದ್ರ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿತು. ಸೋಂಕು ನಿವಾರಿಸಿ ನೇರ ಕುಡಿಯಬಹುದಾದ ‘ಎ’ ದರ್ಜೆಗೆ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ 2 ಮೀರಬಾರದು. ‘ಬಿ’ ಸ್ನಾನಕ್ಕೆ, ‘ಸಿ’ ಶುದ್ಧೀಕರಿಸಿ ಕುಡಿಯಲು, ‘ಡಿ’ ಮೀನು ಮತ್ತು ಕಾಡುಪ್ರಾಣಿಗಳಿಗೆ, ‘ಇ’ ನೀರಾವರಿಗೆ. ಈ ಪಟ್ಟಿಯಲ್ಲಿ ಹಳ್ಳಕ್ಕೇ ಬೇಕಾದ ದರ್ಜೆ ಯಾವುದು? ಮೀನಿನ ‘ಡಿ’ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನುಷ್ಯನ ಬಳಕೆ. ಈ ಪಂಗಡದ ಶಕ್ತಿಯೂ ಮಿತಿಯೂ ಇದೇ. ಕುಡಿಯುವವನಿಗೆ, ಕಾರ್ಖಾನೆಯ ಮೇಲೆ ಮೊಕದ್ದಮೆ ಹೂಡುವವನಿಗೆ ಇದರಷ್ಟು ಖಚಿತ ಉತ್ತರ ಬೇರೆಯವರು ಕೊಡಲಾರರು. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಮಲಿನ ನದಿಪಾತ್ರಗಳನ್ನು ಗುರುತಿಸಿದಾಗ ಕರ್ನಾಟಕದ ಪಾಲು 17. ಅದರಲ್ಲಿ ಕಾಗಿಣಾ ಮತ್ತು ಭೀಮಾ ಎರಡೂ ಇದ್ದವು. ಪಟ್ಟಿಗೆ ಸೇರಿಸಲು ನೋಡಿದ್ದು ಒಂದೇ ಅಂಕಿ: ಬಿಒಡಿ 3 ಮೀರಿದೆಯೋ ಇಲ್ಲವೋ.

ತೊಡಕು ಹೊತ್ತಿನಲ್ಲಿದೆ. ಚರಂಡಿ ನೀರು ಮತ್ತು ಹೊಲದ ಗೊಬ್ಬರ ತಿಂದು ಪಾಚಿ ಕಟ್ಟಿದ ಮಡುವಿನಲ್ಲಿ ಮಧ್ಯಾಹ್ನ ಆಮ್ಲಜನಕ ಉಕ್ಕುತ್ತದೆ, ಏಕೆಂದರೆ ಬಿಸಿಲಿದ್ದಾಗ ಪಾಚಿ ಅದನ್ನು ತಯಾರಿಸುತ್ತಲೇ ಇರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಎಲ್ಲವನ್ನೂ ಖಾಲಿ ಮಾಡುತ್ತದೆ. ಮೀನು ಸಾಯುವುದು ನಸುಕಿನಲ್ಲಿ. ಮಾದರಿ ತೆಗೆಯುವವರು ಬರುವುದು ಕಚೇರಿ ವೇಳೆಯಲ್ಲಿ. ಹೊತ್ತು ಬರೆಯದ ಆಮ್ಲಜನಕದ ಅಂಕಿಗೆ ನಾನು ಕಾಸಿನ ಬೆಲೆ ಕೊಡುವುದಿಲ್ಲ. ನಮ್ಮ ಬೇಸಿಗೆಯೂ ಲೆಕ್ಕಕ್ಕೆ ಬರಬೇಕು. ನೀರು 20 ಡಿಗ್ರಿಯಲ್ಲಿದ್ದರೆ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 35 ಡಿಗ್ರಿಗೆ ಏರಿದರೆ 7 ಕೂಡ ಕಷ್ಟ. ಕಲಬುರಗಿಯ ಮೇ ತಿಂಗಳ ಮಡುವಿಗೆ ಕೊಳೆ ಸೇರದಿದ್ದರೂ ಉಸಿರು ಬಿಗಿಯೇ.

ಎಲ್ಲವನ್ನೂ ಒಂದಂಕಿಗೆ ಇಳಿಸುವವರು

1965ರಲ್ಲಿ ಅಮೆರಿಕದ ಹಾರ್ಟನ್, 1970ರಲ್ಲಿ ಬ್ರೌನ್ ಮತ್ತು ಸಂಗಡಿಗರು ಹಲವು ರಾಸಾಯನಿಕ ಅಳತೆಗಳನ್ನು ಕೂಡಿಸಿ ಒಂದೇ ನೀರಿನ ಗುಣಮಟ್ಟ ಸೂಚ್ಯಂಕ ಮಾಡಿದರು. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಇದು ಬಲು ಇಷ್ಟ. ಪತ್ರಿಕೆಯ ತಲೆಬರಹಕ್ಕೂ ಅನುಕೂಲ. ಆದರೆ ಎರೆಮಣ್ಣಿನ ಸೀಮೆಯ ಹಳ್ಳ ಮಳೆಗಾಲದಲ್ಲಿ ಕಪ್ಪಗೆ ರಾಡಿಯಾಗಿ ಹರಿಯುವುದು ಅದರ ಸಹಜ ಗುಣ. ಸೂಚ್ಯಂಕ ಅದಕ್ಕೆ ಅಂಕ ಕಳೆಯುತ್ತದೆ. ಶಹಾಬಾದ್ ಕಡೆಯ ಸುಣ್ಣಕಲ್ಲಿನ ಮೇಲೆ ಹರಿದ ನೀರಿನ ಪಿಎಚ್ 8 ದಾಟುವುದೂ ಗಡಸಾಗುವುದೂ ಕಲ್ಲಿನ ಗುಣ, ಕಾರ್ಖಾನೆಯದೇ ಆಗಬೇಕೆಂದಿಲ್ಲ. ಒಂದು ವಿಷ ಮಾತ್ರ ಮಿತಿಮೀರಿ ಮಿಕ್ಕ ಎಂಟು ಅಳತೆಗಳು ಚೆನ್ನಾಗಿದ್ದರೆ ಸರಾಸರಿಯಲ್ಲಿ ಆ ವಿಷ ಅಡಗಿಹೋಗುತ್ತದೆ. ಈ ಪಂಗಡದ ಬಗ್ಗೆ ಹೆಚ್ಚು ಹೇಳುವುದು ಬೇಡ.

ಹುಳಗಳನ್ನು ಸಾಕ್ಷಿಗೆ ಕರೆದವರು

ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1902ರಿಂದ 1909ರವರೆಗೆ ಬರೆದ ಪ್ರಬಂಧಗಳಲ್ಲಿ ಬೇರೊಂದು ದಾರಿ ತೋರಿಸಿದರು. ನೀರಿನಲ್ಲಿ ಯಾವ ಜೀವಿ ಇದೆ ಎಂದು ನೋಡಿದರೆ ಎಷ್ಟು ಕೊಳೆ ಸೇರಿದೆ ಎಂದು ಹೇಳಬಹುದು ಎಂಬುದು ಅವರ ವಾದ. ಬಾಟಲಿ ಆ ಕ್ಷಣವನ್ನು ಹೇಳುತ್ತದೆ. ಕಲ್ಲಿನ ಅಡಿಯ ಹುಳ ಕಳೆದ ತಿಂಗಳುಗಳನ್ನು ಹೇಳುತ್ತದೆ. ರಾತ್ರಿ ಕದ್ದು ಬಿಟ್ಟ ಕಾರ್ಖಾನೆ ನೀರು ಬೆಳಗಾಗುವುದರೊಳಗೆ ಹೋಗಿಬಿಟ್ಟಿರಬಹುದು, ಸತ್ತ ಹುಳ ಮಾತ್ರ ಮರುದಿನವೇ ತಿರುಗಿ ಬಾರದು.

ಕೆಲಸ ಸರಳ. ಹಳ್ಳ ಕಲ್ಲಿನ ಮೇಲೆ ತೆಳ್ಳಗೆ ಹಾಯುವ ಜಾಗದಲ್ಲಿ ಬಲೆ ಹಿಡಿದು, ಮುಂದಿನ ಕಲ್ಲುಗಳನ್ನು ಕಾಲಲ್ಲಿ ಕದಡಿ, ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿಯಬೇಕು. ಮೊದಲು ಬರೀ ಎಲೆ-ಮರಳು ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಸ ನಡೆಯಲು ಶುರುಮಾಡುತ್ತದೆ. ಮೂರು ಬಾಲದೆಳೆ ಹೊತ್ತು, ಹೊಟ್ಟೆಯ ಪಕ್ಕದ ಕಿವಿರುಗಳನ್ನು ಬಡಿಯುವುದು ಮೇಫ್ಲೈ ಮರಿ. ಮರಳಿನ ಕಣಗಳನ್ನು ಅಂಟಿಸಿ ಕಟ್ಟಿದ ಕೊಳವೆಯೊಳಗಿನಿಂದ ತಲೆ ಹಾಕುವುದು ಕ್ಯಾಡಿಸ್ ಮರಿ. ಆಮ್ಲಜನಕ ಕಡಿಮೆಯಾದಂತೆ ಇವು ಕಾಣೆಯಾಗಿ ಕೆಂಪು ಕೈರೋನಮಿಡ್ ಹುಳಗಳು ಹೆಚ್ಚುತ್ತವೆ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹೀಮೊಗ್ಲೋಬಿನ್ ಇದೆ. ಉಸಿರುಕಟ್ಟಿದ ಕೆಸರಿನಲ್ಲೂ ಬದುಕುವ ಗುಟ್ಟು ಅದೇ. ಇನ್ನೂ ಕೆಟ್ಟರೆ, ಬಾಲವನ್ನೇ ಉಸಿರಿನ ಕೊಳವೆ ಮಾಡಿಕೊಂಡು ನೀರಿನ ಮೇಲಕ್ಕೆ ಚಾಚುವ ಹುಳಗಳು ಉಳಿಯುತ್ತವೆ. ಇವನ್ನು ತೆರೆದ ಗಟಾರದಲ್ಲಿ ಯಾರು ಬೇಕಾದರೂ ನೋಡಬಹುದು.

ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಗೆ ಬಿಎಂಡಬ್ಲ್ಯುಪಿ ಎಂಬ ಪದ್ಧತಿ ಬಂತು. ಪ್ರತಿ ಹುಳದ ಕುಟುಂಬಕ್ಕೆ ಒಂದರಿಂದ ಹತ್ತರವರೆಗೆ ಅಂಕ: ಎರೆಹುಳದ ಬಳಗಕ್ಕೆ 1, ಕೈರೋನಮಿಡ್‌ಗೆ 2, ಸೂಕ್ಷ್ಮ ಸ್ವಭಾವದ ಮೇಫ್ಲೈಗಳಿಗೆ 10. 1981ರಲ್ಲಿ ಅಮೆರಿಕದ ಜೇಮ್ಸ್ ಕಾರ್ ಮೀನುಗಳ ಮೇಲೆ ಇಂಥದೇ ಒಂದು ಸೂಚ್ಯಂಕ ಕಟ್ಟಿದ. ಎಷ್ಟು ಜಾತಿ, ಯಾವ ಆಹಾರದವು, ರೋಗ ಎಷ್ಟಕ್ಕೆ ಎಂಬ ಹನ್ನೆರಡು ಅಳತೆ ಅದರಲ್ಲಿದ್ದವು. 1972ರ ಅಮೆರಿಕದ ಕಾಯ್ದೆಯೂ ಯುರೋಪಿನ 2000ದ ಜಲ ನಿರ್ದೇಶನವೂ ಜೀವಿಗಳ ಸಾಕ್ಷಿಗೆ ಕಾನೂನಿನ ಬಲ ಕೊಟ್ಟವು. ನಮ್ಮಲ್ಲೂ ಕೇಂದ್ರ ಮಂಡಳಿ ಜೈವಿಕ ಮಾನದಂಡ ರೂಪಿಸಿದೆ. ಅದರಲ್ಲಿ ಐದು ದರ್ಜೆ, ಸ್ವಚ್ಛ ನೀರಿಗೆ ನೀಲಿ ಬಣ್ಣ, ತೀರ ಕೆಟ್ಟದ್ದಕ್ಕೆ ಕೆಂಪು. 2007ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ಜಲಕೀಟಗಳಿಂದ ಸಿಹಿನೀರನ್ನು ಅಳೆಯುವ ಕೈಪಿಡಿ ಪ್ರಕಟಿಸಿತು, ಬರೆದವರು ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್. ಇಷ್ಟೆಲ್ಲ ಇದ್ದೂ ಮಲಿನ ನದಿಗಳ ಪಟ್ಟಿ ಮಾಡುವಾಗ ಹುಳಗಳನ್ನು ಯಾರೂ ಕೇಳಲಿಲ್ಲ.

ಹುಳದವರಲ್ಲೂ ಜಗಳವಿದೆ. ಬ್ರಿಟನ್ನಿನ ಅಂಕಪಟ್ಟಿ ಲಿಬೆಲ್ಯುಲಿಡ್ ಎಂಬ ಏರೋಪ್ಲೇನ್ ಚಿಟ್ಟೆಯ ಕುಟುಂಬಕ್ಕೆ 8 ಅಂಕ ಕೊಡುತ್ತದೆ. ನಮ್ಮಲ್ಲಿ ಅದೇ ಕುಟುಂಬದ ಹಲವು ಚಿಟ್ಟೆಗಳು ಊರ ಮುಂದಿನ ಗಬ್ಬು ಹೊಂಡದಲ್ಲೂ ಮೊಟ್ಟೆ ಇಡುತ್ತವೆ. ತಂಪು ನೀರಿನ ಸ್ಟೋನ್‌ಫ್ಲೈಗೆ ಪೂರ್ಣಾಂಕ. ಆಗುಂಬೆಯ ಕಡೆ ಅದನ್ನು ಹುಡುಕಬಹುದು, ಕಮಲಾಪುರದ ಕಾದ ನೀರಿನಲ್ಲಿ ಅದು ಇಲ್ಲವೆಂದು ಹಳ್ಳವನ್ನು ನಪಾಸು ಮಾಡುವುದು ಅನ್ಯಾಯ. ಥಾಯ್ಲೆಂಡಿನಲ್ಲಿ ಈ ಅಂಕಪಟ್ಟಿಯನ್ನು ಅಲ್ಲಿನ ನದಿಗಳಿಗೆ ಹೊಂದುವಂತೆ ತಿದ್ದಿದರು. 2002ರಲ್ಲಿ ಅದು ಪ್ರಕಟವಾಯಿತು. ದಕ್ಷಿಣ ಆಫ್ರಿಕದವರು 1970ರ ದಶಕದಿಂದಲೇ ತಮ್ಮದೇ ಪದ್ಧತಿ ಬೆಳೆಸಿಕೊಂಡರು. ದಖ್ಖನ್ನಿನ ಎರೆಸೀಮೆಗೂ ತನ್ನದೇ ಅಂಕಪಟ್ಟಿ ಬೇಕು.

ಹುಳಗಳ ಪಕ್ಷ ವಹಿಸಲು ನನಗಿರುವ ಇನ್ನೊಂದು ಕಾರಣ ತೊಗರಿ. ಹೂ-ಕಾಯಿ ಕಟ್ಟುವ ಕಾಲಕ್ಕೆ ಕಾಯಿಕೊರಕಕ್ಕೆಂದು ಔಷಧ ಹೊಡೆಯುತ್ತಾರೆ. ಅದು ಹಳ್ಳದ ನೀರು ಇಳಿಯುತ್ತಿರುವ ಕಾಲವೂ ಹೌದು. ಕ್ಯಾನು ತುಂಬಿಕೊಳ್ಳುವುದೂ ತೊಳೆಯುವುದೂ ಹಳ್ಳದಲ್ಲೇ. ನಡುವೆ ಒಂದು ಅಕಾಲಿಕ ಮಳೆ ಬಿದ್ದರೆ ಕೀಟನಾಶಕ ಕೆಲವೇ ಗಂಟೆ ಹರಿದು ಹೋಗುತ್ತದೆ. ತಿಂಗಳಿಗೊಮ್ಮೆ ತುಂಬುವ ಬಾಟಲಿಗೆ ಅದು ಸಿಗುವುದು ಅದೃಷ್ಟ. ಬಿಒಡಿಯಂತೂ ಕೀಟನಾಶಕವನ್ನು ಅಳೆಯುವುದೇ ಇಲ್ಲ. ಜರ್ಮನಿಯ ಲೀಸ್ ಮತ್ತು ಫಾನ್ ಡೆರ್ ಓಹೆ 2005ರಲ್ಲಿ ರೂಪಿಸಿದ ಸ್ಪಿಯರ್ ಸೂಚ್ಯಂಕ ಕೀಟನಾಶಕಕ್ಕೆ ಬೇಗ ಬಲಿಯಾಗುವ ಹುಳಗಳು ಎಷ್ಟು ಉಳಿದಿವೆ ಎಂಬುದನ್ನೇ ನೋಡುತ್ತದೆ. ಬೇಸಾಯದ ಸೀಮೆಗೆ ಇದಕ್ಕಿಂತ ಹೊಂದುವ ಅಳತೆ ನನಗೆ ಕಂಡಿಲ್ಲ.

ನೀರಿಗಿಂತ ಹರಿವು ನೋಡುವವರು

ನೀರು ಶುದ್ಧವಿದ್ದೂ ಹಳ್ಳ ಸತ್ತಿರಬಹುದು ಎನ್ನುವವರು ನಾಲ್ಕನೆಯವರು. ಮರಳು ತೆಗೆದು ತಳ ಬರಿದಾಗಿದ್ದರೆ, ದಡದಲ್ಲಿ ಬಳ್ಳಾರಿ ಜಾಲಿ ಒಂದೇ ಬೆಳೆದಿದ್ದರೆ, ಮೈಲಿಗೊಂದು ಬಾಂದಾರ ನಿಂತಿದ್ದರೆ, ಬಾಟಲಿ ಏನೇ ಹೇಳಲಿ, ಹುಳಕ್ಕೆ ಮನೆಯಿಲ್ಲ. ಈ ಪಂಗಡದಲ್ಲಿ 1976ರ ಟೆನ್ನಂಟ್ ಸೂತ್ರ ಬಹಳ ಪ್ರಸಿದ್ಧ. ವಾರ್ಷಿಕ ಸರಾಸರಿ ಹರಿವಿನ ಶೇ. 10ರಷ್ಟು ಬಿಟ್ಟರೆ ಮೀನು ಜೀವ ಹಿಡಿದುಕೊಳ್ಳುತ್ತದೆ, ಶೇ. 30 ಬಿಟ್ಟರೆ ಪರವಾಗಿಲ್ಲ, ಶೇ. 60 ಬಿಟ್ಟರೆ ಉತ್ತಮ ಎಂಬುದು ಸೂತ್ರ. ಅದು ಹುಟ್ಟಿದ್ದು ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕಾ ರಾಜ್ಯಗಳಲ್ಲಿ. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 750-800 ಮಿ.ಮೀ. ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿಯುತ್ತದೆ. ಇಲ್ಲಿ ವಾರ್ಷಿಕ ಸರಾಸರಿಯ ಹತ್ತನೇ ಒಂದು ಭಾಗವನ್ನು ಏಪ್ರಿಲಿನಲ್ಲಿ ಹರಿಸಿದರೆ, ಹಳ್ಳ ಅಣೆಕಟ್ಟಿಗೆ ಮುಂಚೆಯೂ ಕಾಣದಿದ್ದ ನೀರನ್ನು ಕಂಡಂತಾಗುತ್ತದೆ.

1997ರಲ್ಲಿ ಪಾಫ್ ಮತ್ತು ಸಂಗಡಿಗರು ಇದಕ್ಕಿಂತ ಪಕ್ವವಾದ ಮಾತು ಹೇಳಿದರು. ಎಷ್ಟು ನೀರು ಎನ್ನುವುದಷ್ಟೇ ಅಲ್ಲ, ಯಾವಾಗ, ಎಷ್ಟು ದಿನ, ಎಷ್ಟು ಸಲ, ಎಷ್ಟು ಬೇಗ ಏರಿಳಿಯುತ್ತದೆ ಎಂಬ ಇಡೀ ಲಯವೇ ನದಿಯ ಜೀವ ಎಂಬುದು ಅವರ ನಿಲುವು. 2007ರ ಬ್ರಿಸ್ಬೇನ್ ಘೋಷಣೆ ಇದೇ ನಿಲುವನ್ನು ಎತ್ತಿಹಿಡಿಯಿತು. ಹೇರೂರಿನ ಬೆಣ್ಣೆತೊರಾ ಜಲಾಶಯ, ಗಂಡೋರಿ ನಾಲಾ, ಚಿಂಚೋಳಿ ಕಡೆಯ ಮುಲ್ಲಾಮಾರಿ ಯೋಜನೆಗಳ ಕೆಳಗಿನ ಹೊಳೆಗಳನ್ನು ಅರ್ಥಮಾಡಿಕೊಳ್ಳಲು ಈ ಕಣ್ಣು ಬೇಕೇ ಬೇಕು. ಅಣೆಕಟ್ಟು ಮಳೆಗಾಲದ ಮೊದಲ ನೆರೆಯನ್ನು ನುಂಗುತ್ತದೆ; ತುಂಬಿದ ಮೇಲೆ ಒಮ್ಮೆಲೇ ಗೇಟು ತೆರೆಯುತ್ತಾರೆ. 2020ರ ಅಕ್ಟೋಬರ್ ನೆರೆಯನ್ನು ಭೀಮಾ ತೀರದವರು ಮರೆತಿಲ್ಲ.

ಬತ್ತುವುದು ರೋಗವೇ?

ಮೇಲಿನ ಎಲ್ಲ ಪಂಗಡಗಳೂ ವರ್ಷವಿಡೀ ಹರಿಯುವ ನೀರನ್ನು ಮನಸ್ಸಿನಲ್ಲಿಟ್ಟುಕೊಂಡವು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಜಗತ್ತಿನ ನದಿ-ಹಳ್ಳಗಳ ಒಟ್ಟು ಉದ್ದದಲ್ಲಿ ಶೇ. 51ರಿಂದ 60ರಷ್ಟು ವರ್ಷಕ್ಕೆ ಒಂದು ದಿನವಾದರೂ ಹರಿವು ನಿಲ್ಲಿಸುತ್ತವೆ ಎಂದು ಅದು ಲೆಕ್ಕ ಹಾಕಿತು. ಬತ್ತುವ ಹಳ್ಳಗಳೇ ಹೆಚ್ಚು. ಪಠ್ಯಪುಸ್ತಕ ಮಾತ್ರ ಬತ್ತದವುಗಳದ್ದು.

ಮೆಡಿಟರೇನಿಯನ್ ಸೀಮೆಯ ವಿಜ್ಞಾನಿಗಳಿಗೆ ಈ ಸಂಕಟ ಮೊದಲೇ ಗೊತ್ತಿತ್ತು. 2012ರಲ್ಲಿ ಗಾಲಾರ್ಟ್ ಮತ್ತು ಸಂಗಡಿಗರು ಇಂಥ ಹಳ್ಳಕ್ಕೆ ಆರು ಸ್ಥಿತಿಗಳನ್ನು ಗುರುತಿಸಿದರು. ನೆರೆ ಬಂದದ್ದು ಒಂದು, ತುಂಬಿ ಹರಿಯುವುದು ಒಂದು, ಮಡುವಿನಿಂದ ಮಡುವಿಗೆ ಸಣ್ಣ ಎಳೆಯಾಗಿ ಹಾಯುವುದು ಒಂದು. ಮಡುಗಳು ಬಿಡಿಬಿಡಿಯಾಗಿ ನಿಂತದ್ದು ನಾಲ್ಕನೆಯದು. ಮೇಲೆ ಒಣಗಿ ಮರಳಿನ ಒಡಲಲ್ಲಿ ಮಾತ್ರ ತೇವ ಉಳಿದದ್ದು, ಕೊನೆಗೆ ಪೂರ್ತಿ ಒಣಗಿದ್ದು. ನಮ್ಮ ಹಳ್ಳಿಗರಿಗೆ ಇದು ಹೊಸ ವಿಷಯವಲ್ಲ. ಹಳ್ಳ ಬತ್ತಿದ ಮೇಲೂ ವರತಿ ತೋಡಿ ನೀರು ತುಂಬಿಕೊಂಡವರಿಗೆ ಐದನೇ ಸ್ಥಿತಿಯನ್ನು ಯಾರೂ ಕಲಿಸಬೇಕಾಗಿಲ್ಲ.

ಅಳೆಯುವವರಿಗೆ ಇದರಿಂದ ಬರುವ ಪಾಠ ದೊಡ್ಡದು. ಹರಿವು ನಿಂತು ಎರಡು ವಾರವಾದ ಮಡುವಿನಲ್ಲಿ ಕೊಳೆ ಸೇರದಿದ್ದರೂ ಮೇಫ್ಲೈ ಕಡಿಮೆಯಾಗುತ್ತದೆ, ಜೀರುಂಡೆ ಮತ್ತು ನೀರಿನ ತಿಗಣೆ ಹೆಚ್ಚುತ್ತವೆ. ಆ ದಿನ ಬಲೆ ಹಾಕಿದರೆ ಅಂಕ ಕುಸಿದಿರುತ್ತದೆ, ಹಳ್ಳಕ್ಕೆ ಮಾತ್ರ ಏನೂ ಆಗಿರುವುದಿಲ್ಲ. ಇದಕ್ಕೆ ವಿರುದ್ಧದ ಮೋಸವೂ ಉಂಟು. ಕಾಲುವೆಯ ಬಸಿನೀರೋ ನಗರದ ಚರಂಡಿಯೋ ಸೇರಿ ಬೇಸಿಗೆಯಲ್ಲಿ ಬತ್ತಬೇಕಾದ ಹಳ್ಳ ವರ್ಷವಿಡೀ ಹರಿಯತೊಡಗುತ್ತದೆ. ನೋಡಿದವರು ಹಳ್ಳಕ್ಕೆ ಜೀವ ಬಂತು ಎನ್ನುತ್ತಾರೆ. ಬತ್ತುವ ಕಾಲಕ್ಕೆ ಹೊಂದಿಕೊಂಡು, ಮೊಟ್ಟೆಯಾಗಿಯೋ ಕೆಸರಿನಲ್ಲಿ ಹುದುಗಿಯೋ ಕಾಯುವ ಜೀವಿಗಳಿಗೆ ಅದು ಜಾಗ ಕಳೆದುಕೊಂಡ ಕಾಲ. ಜೊಂಡಿಗೆ, ಸೊಳ್ಳೆಗೆ, ಅಂತರಗಂಗೆಗೆ ಹಬ್ಬ. ನಗರದ ಅಂಚಿನಲ್ಲಿ ಮೇ ತಿಂಗಳಲ್ಲಿ ಹಸಿರಾಗಿ ಹರಿಯುವ ನಾಲಾ ಕಂಡರೆ ಮೊದಲು ಅನುಮಾನ ಪಡಬೇಕು.

ಹಳ್ಳಕ್ಕೆ ಆರೋಗ್ಯ ಎಂಬುದುಂಟೇ?

1990ರ ದಶಕದಲ್ಲಿ ಇಡೀ ಚರ್ಚೆಯ ಬುಡಕ್ಕೇ ಕೈಹಾಕಿದವರೂ ಬಂದರು. 1993ರಲ್ಲಿ ಗ್ಲೆನ್ ಸೂಟರ್, 1995ರಲ್ಲಿ ವಿಕ್ಲಮ್ ಮತ್ತು ಡೇವಿಸ್, ಪರಿಸರ ವ್ಯವಸ್ಥೆ ಒಂದು ಪ್ರಾಣಿಯಲ್ಲ, ಅದಕ್ಕೆ ಆರೋಗ್ಯ ಎಂಬ ಸ್ಥಿತಿಯನ್ನು ಆರೋಪಿಸುವುದು ವಿಜ್ಞಾನವಲ್ಲ, ನಮ್ಮ ಇಷ್ಟಾನಿಷ್ಟಗಳನ್ನು ಅಂಕಿಯ ವೇಷದಲ್ಲಿ ಹೇಳುವುದು ಎಂದು ವಾದಿಸಿದರು. ಜನರಿಗೆ ಅರ್ಥವಾಗುವ ಮಾತು ಬೇಕು, ಮೌಲ್ಯ ಅದರಲ್ಲಿ ಇದ್ದೇ ಇರುತ್ತದೆ, ಇರಲಿ ಬಿಡಿ ಎಂಬುದು ಕಾರ್‌ನಂಥವರ ಉತ್ತರ. ಸೂಟರ್ ಹೇಳಿದ್ದು ತರ್ಕದಲ್ಲಿ ಸರಿ. ಆದರೆ ಯಾರ ಇಷ್ಟ ಎಂದು ಬಾಯಿಬಿಟ್ಟು ಹೇಳಿದರೆ ಆ ಆಕ್ಷೇಪ ಸಡಿಲಾಗುತ್ತದೆ. ಬಾಳೆ ಬೆಳೆಯುವವನಿಗೆ ಬೇಸಿಗೆಯಲ್ಲೂ ನೀರು ಬೇಕು, ಮೀನುಗಾರನಿಗೆ ಮಡು ಬೇಕು, ನಗರಪಾಲಿಕೆಗೆ ಕೊಳಚೆ ಸಾಗಿಸುವ ದಾರಿ ಬೇಕು. ಈ ಮೂವರ ‘ನೆಟ್ಟಗಿರುವ ಹಳ್ಳ’ ಒಂದೇ ಅಲ್ಲ.

ಇನ್ನೂ ತೀರದ್ದು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೋಲಿಕೆಯದು. ಯುರೋಪಿನ ಪದ್ಧತಿಯಲ್ಲಿ ಮನುಷ್ಯನ ಕೈ ತಾಗದ ಹಳ್ಳವನ್ನು ಮಾದರಿಯಾಗಿಟ್ಟು ಉಳಿದವುಗಳನ್ನು ಅದರ ಪಕ್ಕಕ್ಕಿಟ್ಟು ನೋಡುತ್ತಾರೆ. ರಾಷ್ಟ್ರಕೂಟರ ಮಳಖೇಡ ಕಾಗಿಣಾ ದಡದಲ್ಲಿತ್ತು. ಸಾವಿರಾರು ವರ್ಷ ಉತ್ತು, ಮೇಯಿಸಿ, ಕೆರೆ ಕಟ್ಟಿದ ಈ ಸೀಮೆಯಲ್ಲಿ ಕೈ ತಾಗದ ಹಳ್ಳ ಎಲ್ಲಿಂದ ತರುವುದು? ಚಿಂಚೋಳಿ ಕಾಡಿನೊಳಗಿನ ತೊರೆಗಳನ್ನು ಮಾದರಿ ಮಾಡಬಹುದು ಎನ್ನುವವರಿದ್ದಾರೆ. ಆದರೆ ಕಾಡಿನ ಜಂಬಿಟ್ಟಿಗೆ ಮಣ್ಣು ಬೇರೆ, ಬಯಲಿನ ಎರೆ ಬೇರೆ. ಇದ್ದುದರಲ್ಲಿ ಚೆನ್ನಾಗಿರುವುದನ್ನೇ ಮಾದರಿ ಮಾಡಿದರೆ, ಎಲ್ಲವೂ ಕೆಡುತ್ತ ಹೋದಂತೆ ಮಾದರಿಯೂ ಕೆಳಗಿಳಿಯುತ್ತದೆ.

ಒಣಗಿದ ಪಾತ್ರವನ್ನು ಅಳೆಯುವುದು ಹೇಗೆ ಎಂಬುದೂ ತೀರಿಲ್ಲ. ಒಣ ಮರಳಿನ ಇರುವೆ, ಜೇಡ, ಜೀರುಂಡೆಗಳನ್ನು ಎಣಿಸಬೇಕು ಎನ್ನುವವರಿದ್ದಾರೆ. ನೀರು ಬಂದ ಮೇಲೆ ಜೀವ ಎಷ್ಟು ಬೇಗ ಮರಳುತ್ತದೆ ಎಂದು ನೋಡುವುದೇ ಸರಿ ಎನ್ನುವವರೂ ಇದ್ದಾರೆ. ನೀರಿನಲ್ಲಿ ಉದುರಿದ ಡಿಎನ್‌ಎಯಿಂದ ಜಾತಿಗಳನ್ನು ಗುರುತಿಸುವ ಹೊಸ ವಿಧಾನ ಹುಳ ಗುರುತಿಸುವ ತಜ್ಞರ ಕೊರತೆಯನ್ನು ನೀಗಿಸಬಹುದು. ಆದರೆ ಹೆಸರು ಹಚ್ಚಿದ ಹುಳಗಳ ಡಿಎನ್‌ಎ ಸಂಗ್ರಹ ಮೊದಲು ಇರಬೇಕು, ಅದನ್ನು ಮಾಡಲು ಅದೇ ತಜ್ಞರು ಬೇಕು. ಬಾಟಲಿ, ಬಲೆ, ಹರಿವು ಮೂರೂ ಬೇರೆ ಬೇರೆ ತೀರ್ಪು ಕೊಟ್ಟಾಗ ಯಾರ ಮಾತು ಮೇಲು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ನನ್ನನ್ನು ಕೇಳಿದರೆ, ಕೆಟ್ಟಿದೆಯೇ ಎಂದು ಹೇಳುವ ಹಕ್ಕು ಹುಳಕ್ಕೆ, ಏಕೆ ಕೆಟ್ಟಿತು ಎಂದು ಹುಡುಕುವ ಕೆಲಸ ಬಾಟಲಿಗೂ ಹರಿವಿನ ದಾಖಲೆಗೂ.

ಈ ವಾದಗಳೆಲ್ಲ ತೀರುವವರೆಗೆ ಕಾಯಬೇಕಾಗಿಲ್ಲ. ಕಲಬುರಗಿ-ಕಮಲಾಪುರ ಕಡೆಯ ಶಾಲೆ-ಕಾಲೇಜಿನ ವಿಜ್ಞಾನ ಮಾಸ್ತರರಿಗೆ ಒಂದು ವಿನಂತಿ. ಮಳೆ ನಿಂತು ಹಳ್ಳ ಇನ್ನೂ ಹರಿಯುತ್ತಿರುವ ನವೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಬಲೆ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಸಾಕು. ಕಂಡ ಹುಳ, ಜಾಗ, ತಾರೀಖು, ಹೊತ್ತು ಬರೆದಿಡಿ. ಮುಂದಿನ ವರ್ಷ ಅದೇ ಜಾಗಕ್ಕೇ ಹೋಗಿ. ಬೇಸಿಗೆಯಲ್ಲೂ ಹೋಗಿ, ನೀರಿಲ್ಲದಿದ್ದರೆ ‘ನೀರಿಲ್ಲ’ ಎಂದು ತಾರೀಖಿನೊಂದಿಗೆ ಬರೆಯಿರಿ, ಅದೂ ಒಂದು ಅಳತೆಯೇ.